ಆಡಿದವರು, ಆಡಿಸಿದವರು

ಸೊಲ್ಲಾಪುರವೆಂದೊಡನೆ ಹೊರಗಿನವರಿಗೆ ನೆನಪಾಗುವುದು ಚಾದರು. ಶಿವಶರಣರನ್ನು ಓದಿಕೊಂಡವರಿಗೆ ಸಿದ್ಧರಾಮನ ಕೆರೆ. ಊಟದ ರುಚಿ ಬಲ್ಲವರಿಗೆ ಕಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ. ಹಳೆಯ ತಲೆಮಾರಿನವರಿಗೆ ಗಿರಣಿಯ ಭೋಂಗಾ. ಇವೆಲ್ಲವೂ ನ್ಯಾಯವಾದುದೇ. ಆದರೆ 1962ರಲ್ಲಿ ಟೆಸ್ಟ್ ಕ್ರಿಕೆಟ್ಟಿನಿಂದ ನಿವೃತ್ತರಾದಾಗ ಭಾರತದ ಪರವಾಗಿ ಎಲ್ಲರಿಗಿಂತ ಹೆಚ್ಚು ಪಂದ್ಯಗಳನ್ನಾಡಿ, ಎಲ್ಲರಿಗಿಂತ ಹೆಚ್ಚು ಓಟಗಳನ್ನು ಗಳಿಸಿ, ಎಲ್ಲರಿಗಿಂತ ಹೆಚ್ಚು ಶತಕಗಳನ್ನು ಹೊಡೆದಿದ್ದವರು ಈ ಊರಿನಲ್ಲಿಯೇ ಹುಟ್ಟಿದವರೆಂಬ ಮಾತು ಇಲ್ಲಿಯ ಎಷ್ಟು ಮಂದಿಯ ನಾಲಗೆಯ ಮೇಲಿದೆ? ನಾವು ಕೇಳಿ ನೋಡಿದ್ದೇವೆ. ಹತ್ತು ಜನರಲ್ಲಿ ಇಬ್ಬರಿಗೆ ತಿಳಿದಿದ್ದರೆ ಹೆಚ್ಚು.

ಅವರ ಪೂರ್ಣ ಹೆಸರು ಪಹಲನ್ ರತನ್‌ಜಿ ಉಮ್ರಿಗಾರ್. ಲೋಕವು ಅವರನ್ನು ಪಾಲಿ ಉಮ್ರಿಗಾರ್ ಎಂದು ಕರೆಯಿತು. ಹುಟ್ಟಿದ್ದು 1926ರ ಮಾರ್ಚ್ 28ರಂದು. ತಂದೆಯವರದು ಅರಿವೆಯ ವ್ಯವಹಾರ. ಗಿರಣಿಗಳ ಊರಿನಲ್ಲಿ ಪಾರ್ಸಿ ಮನೆತನವೊಂದು ಅರಿವೆಯನ್ನು ನಂಬಿ ಬಾಳಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಹುಡುಗ ಸಾಲೆಗೆ ಹೋಗುವ ವಯಸ್ಸಿನಲ್ಲಿಯೇ ಕುಟುಂಬವು ಮುಂಬಯಿಗೆ ಹೋಯಿತು. ಆದುದರಿಂದ ಸೊಲ್ಲಾಪುರಕ್ಕೆ ಅವರ ಮೇಲಿರುವ ಹಕ್ಕು ತೊಟ್ಟಿಲಿನಷ್ಟು ಮಾತ್ರ ಎಂದು ಯಾರಾದರೂ ವಾದಿಸಿದರೆ ನಾವು ಜಗಳಕ್ಕೆ ನಿಲ್ಲುವುದಿಲ್ಲ.

ನಮ್ಮದು ಅಕ್ಕಲಕೋಟೆ ತಾಲೂಕಿನ ಗಡಿಯ ಕಡೆಗಿರುವ ಒಂದು ಕನ್ನಡ ಪ್ರಾಥಮಿಕ ಸಾಲೆ. ಮಕ್ಕಳು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಮೊಬೈಲಿನಲ್ಲಿ ಹಿಂದಿ ಆಡುತ್ತವೆ. ಒಂದು ದಿನ ಏಳನೆಯ ಇಯತ್ತೆಯ ಮಕ್ಕಳಿಗೆ ಉಮ್ರಿಗಾರರ ಸಂಗತಿಯನ್ನು ಹೇಳಿದಾಗ ಹಿಂದಿನ ಸಾಲಿನಿಂದ ಒಬ್ಬನು ಎದ್ದು ನಿಂತು ಕೇಳಿದನು:

“ಸರ್, ಅವರು ಮರಾಠಿಯವರೇನ್ರಿ, ಕನ್ನಡದವರೇನ್ರಿ?”

“ಎರಡೂ ಅಲ್ಲ. ಪಾರ್ಸಿ ಜನ. ಅವರ ಮಾತು ಗುಜರಾತಿ.”

“ಮತ್ತ ನಮ್ಮವರು ಹೆಂಗಾದ್ರ‍್ರಿ?”

ಹುಡುಗನ ಪ್ರಶ್ನೆ ತಮಾಷೆಯದಲ್ಲ. ಗಡಿಯಲ್ಲಿ ಬೆಳೆಯುವ ಮಕ್ಕಳಿಗೆ ಯಾರು ಯಾರವರು ಎಂಬ ಲೆಕ್ಕವು ಬಹಳ ಬೇಗ ಕಲಿಸಲ್ಪಡುತ್ತದೆ. ಮಗ್ಗಿಗಿಂತ ಮೊದಲು ಎಂದರೂ ಸಲ್ಲುತ್ತದೆ. ಸೊಲ್ಲಾಪುರದಲ್ಲಿ ಕನ್ನಡಿಗರಿದ್ದಾರೆ, ಮರಾಠಿಗರಿದ್ದಾರೆ, ಮಗ್ಗವನ್ನು ನಂಬಿ ಬಂದ ತೆಲುಗರಿದ್ದಾರೆ, ಉರ್ದು ಆಡುವವರಿದ್ದಾರೆ. ಹಾಗೆಯೇ ಒಂದು ಕಾಲಕ್ಕೆ ಈ ಪಾರ್ಸಿಯವರೂ ಇದ್ದರು, ಊರು ಎಲ್ಲರದು ಎಂದು ನಾವು ಉತ್ತರ ಕೊಟ್ಟೆವು. ಹುಡುಗನು ಕುಳಿತುಕೊಂಡನು. ಅವನಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ.

ಇರಲಿ. ನಾವು ಬರೆಯಹೊರಟಿರುವುದು ಅವರ ಹುಟ್ಟೂರಿನ ವಿಚಾರವನ್ನೂ ಅಲ್ಲ, ಅವರ ಶತಕಗಳ ವಿಚಾರವನ್ನೂ ಅಲ್ಲ. ಆಟ ಮುಗಿದ ಮೇಲೆ ಅವರು ಕೈಗೊಂಡ ಕೆಲಸವೊಂದಿದೆ, ತಂಡದ ವ್ಯವಸ್ಥಾಪಕತನ. ಜನ ಅದನ್ನು ಮ್ಯಾನೇಜರ್‌ಕಿ ಎನ್ನುತ್ತಾರೆ. ಈ ಎರಡನೆಯ ಬಾಳಿನ ಮೇಲೆ ನಮಗೆ ವಿಶೇಷ ಆಸಕ್ತಿ ಹುಟ್ಟಲು ನಮ್ಮದೇ ಒಂದು ಕಾರಣವುಂಟು. ತಾಲೂಕು ಕ್ರೀಡೆಗಳಿಗೆ ಸಾಲೆಯ ತಂಡವನ್ನು ಕಳಿಸುವಾಗ ತುಂಬಿಕೊಡಬೇಕಾದ ಮರಾಠಿ ಅರ್ಜಿಯ ಬುಡದಲ್ಲಿ ‘ಸಂಘ ವ್ಯವಸ್ಥಾಪಕ’ ಎಂದು ಅಚ್ಚಾಗಿರುತ್ತದೆ. ಅದರ ಎದುರಿನಲ್ಲಿ ಒಂಬತ್ತು ವರ್ಷಗಳಿಂದ ಸಹಿ ಮಾಡುತ್ತಿರುವವರು ನಾವು. ಟೆಂಪೊ ಗೊತ್ತುಮಾಡುವುದು, ಮಕ್ಕಳ ಜನ್ಮತಾರೀಖಿನ ದಾಖಲೆಗಳನ್ನು ಜೋಡಿಸುವುದು, ನೀರಿನ ಕೊಡ, ಬುತ್ತಿ, ಗ್ಲೂಕೋಸ್ ಪುಡಿ, ಹುಡುಗಿಯರ ತಂಡವಾದರೆ ಜೊತೆಗೆ ಬರಲು ಒಬ್ಬ ಬಾಯಿಯವರನ್ನು ಒಪ್ಪಿಸುವುದು, ಸಂಜೆ ಎಲ್ಲ ತಲೆಗಳನ್ನು ಎಣಿಸಿ ಮನೆ ಮುಟ್ಟಿಸುವುದು. ಇದು ವ್ಯವಸ್ಥಾಪಕನ ಕೆಲಸ. ಅಂಕಗಳನ್ನು ಬರೆಯುವ ಹಾಳೆಯಲ್ಲಿ ಇದಕ್ಕೆ ಒಂದು ಅಂಕಣವೂ ಇಲ್ಲ.

ಉಮ್ರಿಗಾರರ ಆಟದ ಕಥೆಯನ್ನು ಸಂಕ್ಷೇಪವಾಗಿಯಾದರೂ ಹೇಳದೆ ಮುಂದೆ ಹೋಗುವಂತಿಲ್ಲ. 1944ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಮುಂಬಯಿಯ ಪೆಂಟಾಂಗ್ಯುಲರ್ ಪಂದ್ಯಗಳಲ್ಲಿ ಪಾರ್ಸಿಗಳ ತಂಡಕ್ಕೆ ಆಡಿದರು. ಹಿಂದೂ, ಮುಸ್ಲಿಮ್, ಪಾರ್ಸಿ, ಯುರೋಪಿಯನ್, ಉಳಿದವರು ಎಂದು ಜಾತಿ-ಮತಗಳ ಮೇಲೆ ತಂಡಗಳನ್ನು ಕಟ್ಟುತ್ತಿದ್ದ ಆ ಪಂದ್ಯಾವಳಿ ಸ್ವಾತಂತ್ರ್ಯಕ್ಕೆ ಮುಂಚೆಯೇ ನಿಂತುಹೋಯಿತು. ನಿಂತದ್ದು ಒಳ್ಳೆಯದಾಯಿತು. 1948ರಲ್ಲಿ ವೆಸ್ಟ್ ಇಂಡೀಸ್ ತಂಡ ಬಂದಾಗ ವಿಶ್ವವಿದ್ಯಾಲಯಗಳ ಸಂಯುಕ್ತ ತಂಡದ ಪರವಾಗಿ ಅಜೇಯ 115 ಓಟಗಳನ್ನು ಗಳಿಸಿದರು. ಅದೇ ಡಿಸೆಂಬರದಲ್ಲಿ ಮುಂಬಯಿಯಲ್ಲಿ ಮೊದಲ ಟೆಸ್ಟ್ ಪಂದ್ಯವನ್ನಾಡಿದರು. 1952ರ ಫೆಬ್ರುವರಿಯಲ್ಲಿ ಮದರಾಸಿನ ಪಂದ್ಯಕ್ಕೆ ಮೊದಲು ಅವರು ಹನ್ನೊಂದರಲ್ಲಿ ಇರಲಿಲ್ಲ. ಹೇಮು ಅಧಿಕಾರಿಯವರಿಗೆ ಪೆಟ್ಟಾದುದರಿಂದ ಕೊನೆಯ ಗಳಿಗೆಯಲ್ಲಿ ಸ್ಥಾನ ದೊರೆಯಿತು. ಅಜೇಯ 130 ಓಟಗಳು ಬಂದವು. ಇಂಗ್ಲೆಂಡನ್ನು ಒಂದು ಇನಿಂಗ್ಸ್ ಮತ್ತು 8 ಓಟಗಳಿಂದ ಸೋಲಿಸಿ, ಇಪ್ಪತ್ತು ವರ್ಷಗಳ ಕಾಯುವಿಕೆಯ ತರುವಾಯ, ತನ್ನ 25ನೆಯ ಟೆಸ್ಟಿನಲ್ಲಿ ಭಾರತವು ಮೊಟ್ಟಮೊದಲ ಜಯವನ್ನು ಕಂಡಿತು.

ಈ ಜಯದ ನಾಲ್ಕು ತಿಂಗಳಿಗೆ ಏನಾಯಿತೆಂಬುದನ್ನು ವಾಚಕರು ಗಮನವಿಟ್ಟು ನೋಡಬೇಕು. ತಂಡವು ಇಂಗ್ಲೆಂಡಿಗೆ ಹೋಯಿತು. ಲೀಡ್ಸ್ ಪಟ್ಟಣದ ಮೊದಲ ಟೆಸ್ಟಿನಲ್ಲಿ ಫ್ರೆಡ್ ಟ್ರೂಮನ್ ಎಂಬ ಹೊಸ ವೇಗದ ಬೌಲರನು ಚೆಂಡನ್ನು ಕೈಗೆತ್ತಿಕೊಂಡನು. ಎರಡನೆಯ ಸರದಿಯಲ್ಲಿ ಭಾರತದ ಲೆಕ್ಕ ಸೊನ್ನೆ ಓಟಕ್ಕೆ ನಾಲ್ಕು ವಿಕೆಟ್ಟು! ಪಂಕಜ ರಾಯ್, ದತ್ತಾಜಿರಾವ್ ಗಾಯಕವಾಡ, ಮಾಧವ ಮಂತ್ರಿ, ವಿಜಯ ಮಂಜ್ರೇಕರ್ ಈ ನಾಲ್ವರು ಒಂದು ಓಟವೂ ಕೂಡದೆ ಹಿಂದಿರುಗಿದರು. ಇವರಲ್ಲಿ ಗಾಯಕವಾಡ ಮತ್ತು ಮಂತ್ರಿ ಎಂಬ ಎರಡು ಹೆಸರುಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿರಿ. ಮುಂದೆ ಕೆಲಸಕ್ಕೆ ಬರುತ್ತವೆ. ಉಮ್ರಿಗಾರರ ಪಾಡು ಇದಕ್ಕಿಂತ ಮೇಲಾಗಿರಲಿಲ್ಲ. ನಾಲ್ಕು ಟೆಸ್ಟುಗಳ ಏಳು ಸರದಿಗಳಲ್ಲಿ ಒಟ್ಟು 43 ಓಟಗಳು. ಹೆಚ್ಚೆಂದರೆ 14, ಕೊನೆಯದು ಸೊನ್ನೆ. ಅದೇ ಪ್ರವಾಸದಲ್ಲಿ ಕೌಂಟಿ ಮತ್ತಿತರ ತಂಡಗಳ ಮೇಲೆ ಮೂರು ದ್ವಿಶತಕಗಳನ್ನು ಹೊಡೆದ ಮನುಷ್ಯ ಇವರೇ. ಅಂದ ಮೇಲೆ ಕೈ ಕೆಟ್ಟಿರಲಿಲ್ಲ. ವೇಗದ ಚೆಂಡಿಗೆ ಕಾಲು ಹಿಂದೆ ಸರಿಯುತ್ತದೆ, ಇವರು ಅಂಜುತ್ತಾರೆ ಎಂದು ಇಂಗ್ಲೆಂಡಿನವರು ನಕ್ಕರು. ಆ ನಗೆಯ ಕಥೆಗಳು ಇಂದಿಗೂ ಕ್ರಿಕೆಟ್ ಬಲ್ಲವರ ನಡುವೆ ತಿರುಗಾಡುತ್ತಿವೆ.

ಆರು ತಿಂಗಳೊಳಗೆ, 1953ರ ಆರಂಭದಲ್ಲಿ, ವೆಸ್ಟ್ ಇಂಡೀಸಿನ ನೆಲದಲ್ಲಿ ಐದು ಟೆಸ್ಟುಗಳಿಂದ 560 ಓಟಗಳನ್ನು ಗಳಿಸಿ ಅವರು ಇದಕ್ಕೆ ಉತ್ತರ ಕೊಟ್ಟರು. ಅದರಲ್ಲಿ ಪೋರ್ಟ್ ಆಫ್ ಸ್ಪೇನ್ ಪಟ್ಟಣದ ಮೊದಲ ಟೆಸ್ಟಿನ ಶತಕವೊಂದು. 1955ರಲ್ಲಿ ಹೈದರಾಬಾದಿನಲ್ಲಿ ನ್ಯೂಜಿಲೆಂಡಿನ ಮೇಲೆ 223 ಓಟಗಳು; ಭಾರತೀಯನೊಬ್ಬ ಟೆಸ್ಟಿನಲ್ಲಿ ಹೊಡೆದ ಮೊದಲ ದ್ವಿಶತಕವದು. ಹೈದರಾಬಾದು ನಮ್ಮ ಕಡೆಯಿಂದ ರೈಲಿನಲ್ಲಿ ಒಂದು ಹಗಲಿನ ದಾರಿ. ಅಂದು ನಮ್ಮ ಭಾಗದಿಂದ ಯಾರಾದರೂ ಹೋಗಿ ನೋಡಿದ್ದರೋ ಏನೋ!

ಎಂಟು ಟೆಸ್ಟುಗಳಲ್ಲಿ ಅವರು ನಾಯಕರಾಗಿದ್ದರು. ಆ ನಾಯಕತ್ವವು ಮುಗಿದ ಬಗೆಯೇ ಅವರ ಸ್ವಭಾವಕ್ಕೆ ಕನ್ನಡಿ. 1958-59ರಲ್ಲಿ ವೆಸ್ಟ್ ಇಂಡೀಸ್ ತಂಡವು ನಮ್ಮ ದೇಶಕ್ಕೆ ಬಂದಾಗ ಐದು ಪಂದ್ಯಗಳಿಗೆ ನಾಲ್ವರು ನಾಯಕರಾದರು: ಉಮ್ರಿಗಾರ್, ಗುಲಾಮ್ ಅಹಮದ್, ವಿನೂ ಮಂಕಡ್, ಹೇಮು ಅಧಿಕಾರಿ. ನಾಲ್ಕನೆಯ ಟೆಸ್ಟು ಮದರಾಸಿನಲ್ಲಿ. ಉಮ್ರಿಗಾರರು ಬೇಕೆಂದ ಆಟಗಾರ ಬೇರೆ, ಮಂಡಳಿಯ ಹಿರಿಯರು ಇವನೇ ಇರಲಿ ಎಂದದ್ದು ಬೇರೆ. ವಾದ ಬೆಳೆಯಿತು. ಪಂದ್ಯಕ್ಕೆ ಮುಂಚಿನ ರಾತ್ರಿ ಅವರು ನಾಯಕಪದವಿಯನ್ನು ಒಪ್ಪಿಸಿಬಿಟ್ಟರು. ಬೆಳಿಗ್ಗೆ ಮಂಕಡ್ ತಂಡವನ್ನು ಮುನ್ನಡೆಸಿದರು. ತನ್ನ ತಂಡವನ್ನು ತಾನು ಆರಿಸಲಾಗದವನು ಸೋಲಿಗೆ ಮಾತ್ರ ಏಕೆ ತಲೆಯೊಡ್ಡಬೇಕು ಎಂಬುದು ನ್ಯಾಯವಾದ ಪ್ರಶ್ನೆಯೇ. ಆದರೂ ಇಂತಹ ಪ್ರಶ್ನೆಯನ್ನು ಕೇಳಿ ಪದವಿಯನ್ನು ಬಿಟ್ಟವರು ನಮ್ಮ ದೇಶದಲ್ಲಿ ಎಷ್ಟು ಮಂದಿ? ಪದವಿಯೊಡನೆ ಆಟವನ್ನು ಅವರು ಬಿಡಲಿಲ್ಲ. ಅದೇ ವರ್ಷದ ಡಿಸೆಂಬರದಲ್ಲಿ, ರಾಮಚಂದ್ ಅವರ ನಾಯಕತ್ವದಲ್ಲಿ, ಕಾನಪುರದಲ್ಲಿ ಆಸ್ಟ್ರೇಲಿಯವನ್ನು ಭಾರತವು ಮೊದಲ ಬಾರಿಗೆ ಸೋಲಿಸಿದಾಗ ಜಸು ಪಟೇಲರ 14 ವಿಕೆಟ್ಟುಗಳ ಪಕ್ಕದಲ್ಲಿ ಉಮ್ರಿಗಾರರವೂ ನಾಲ್ಕು ವಿಕೆಟ್ಟುಗಳಿದ್ದವು.

1962ರ ವೆಸ್ಟ್ ಇಂಡೀಸ್ ಪ್ರವಾಸವು ಅವರ ಕೊನೆಯ ಟೆಸ್ಟ್ ಪ್ರವಾಸ. ಬಾರ್ಬಡೋಸಿನ ಪಂದ್ಯದಲ್ಲಿ ಚಾರ್ಲಿ ಗ್ರಿಫಿತ್ ಎಸೆದ ಚೆಂಡು ನಾಯಕ ನರಿ ಕಾಂಟ್ರಾಕ್ಟರರ ತಲೆಗೆ ಬಡಿಯಿತು. ತಲೆಗೆ ಶಿರಸ್ತ್ರಾಣವಿಲ್ಲದ ಕಾಲ. ಬುರುಡೆ ಒಡೆದು ಪ್ರಾಣವೇ ತೂಗಾಡತೊಡಗಿದಾಗ ರಕ್ತ ಕೊಡಲು ಮುಂದೆ ಬಂದವರಲ್ಲಿ ಎದುರಾಳಿ ತಂಡದ ನಾಯಕ ಫ್ರಾಂಕ್ ವೊರೆಲ್ ಇದ್ದರು. ಚಂದು ಬೋರ್ಡೆ, ಬಾಪು ನಾಡಕರ್ಣಿ ಇದ್ದರು. ನಮ್ಮ ಉಮ್ರಿಗಾರರೂ ಇದ್ದರು. ಅದಾದ ಮೇಲೆ ಪೋರ್ಟ್ ಆಫ್ ಸ್ಪೇನಿನ ನಾಲ್ಕನೆಯ ಟೆಸ್ಟಿನಲ್ಲಿ ಅವರು ಮಾಡಿದ ಸಾಹಸ ಇದು: ಮೊದಲು 107 ಓಟ ಕೊಟ್ಟು ಐದು ವಿಕೆಟ್ಟು, ಅನಂತರ 56, ಅದರ ಮೇಲೆ ಔಟಾಗದೆ 172. ಪಂದ್ಯವನ್ನು ಭಾರತ ಸೋತಿತು, ಐದೂ ಟೆಸ್ಟುಗಳನ್ನು ಸೋತಿತು. ಮೂವತ್ತಾರು ವರ್ಷದ, ಬೆನ್ನು ದಣಿದ ಮನುಷ್ಯ ಸೋಲುವ ತಂಡದಲ್ಲಿ ನಿಂತು ಆಡಿದ ಆಟವದು. ಒಟ್ಟು 59 ಟೆಸ್ಟುಗಳು, 3631 ಓಟಗಳು, 12 ಶತಕಗಳು, 35 ವಿಕೆಟ್ಟುಗಳು. ಅದೇ ವರ್ಷ ಪದ್ಮಶ್ರೀ ಬಂದಿತು.

ಇಲ್ಲಿಗೆ ಸಾಮಾನ್ಯವಾಗಿ ಆಟಗಾರನ ಚರಿತ್ರೆ ಮುಗಿಯುತ್ತದೆ. ನಾವು ಹೇಳಬೇಕಾದುದು ಇಲ್ಲಿಂದ ಆರಂಭ.

ಚೆನ್ನಾಗಿ ಆಡಿದವನು ಚೆನ್ನಾಗಿ ಆಡಿಸಬಲ್ಲನೆ? ಈ ಪ್ರಶ್ನೆಗೆ ಲೋಕದಲ್ಲಿ ಒಂದೇ ಉತ್ತರವಿಲ್ಲ. ಕಾಲ್ಚೆಂಡಿನಾಟದ ಕಡೆಗೆ ನೋಡಿರಿ. ಪೋರ್ತುಗಾಲದ ಜೋಸೆ ಮೊರಿನ್ಯೊ ಎಂಬವರ ಹೆಸರನ್ನು ನಮ್ಮ ಏಳನೆಯ ಇಯತ್ತೆಯ ಹುಡುಗರೂ ಬಲ್ಲರು. ಗೋವೆಯ ಕಡೆಗೆ ದುಡಿಯಲು ಹೋಗಿಬಂದ ಅಣ್ಣಂದಿರಿಂದ ಕೇಳಿದ್ದಿರಬೇಕು. ಅವರ ತಂದೆ ಪೋರ್ತುಗಾಲದ ತಂಡಕ್ಕೆ ಆಡಿದ ಗೋಲ್‌ರಕ್ಷಕರು. ಮಗ ಮಾತ್ರ ಆಟಗಾರನಾಗಿ ಹೇಳಿಕೊಳ್ಳುವಂತಹ ಹೆಸರನ್ನು ಗಳಿಸಲಿಲ್ಲ. ಸಾಲೆಗಳಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದರು. ಇಂಗ್ಲೆಂಡಿನಿಂದ ಬಂದ ಬಾಬಿ ರಾಬ್ಸನ್ ಎಂಬ ತರಬೇತುದಾರರಿಗೆ ದುಭಾಷಿಯಾಗಿ ನಿಂತರು. ಮಾತನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿಸುತ್ತ ದಾಟಿಸುತ್ತ ವಿದ್ಯೆಯನ್ನೂ ದಾಟಿಸಿಕೊಂಡರು. 2004ರಲ್ಲಿ ಪೋರ್ತೊ ತಂಡಕ್ಕೆ ಯುರೋಪಿನ ಅತ್ಯುಚ್ಚ ಕಿರೀಟವನ್ನು ತಂದುಕೊಟ್ಟರು. ಗಡಿನಾಡಿನ ಮಾಸ್ತರರಿಗೆ ಈ ಕಥೆ ಕೇಳಲು ಬಲು ಹಿತ. ನಾವೂ ದಿನವಿಡೀ ದುಭಾಷಿಗಳೇ ಅಲ್ಲವೆ? ಮರಾಠಿಯಲ್ಲಿ ಬಂದ ಸುತ್ತೋಲೆಯನ್ನು ಕನ್ನಡದ ತಾಯಂದಿರಿಗೆ ತಿಳಿಸುವುದರಲ್ಲಿ ನಮ್ಮ ಅರ್ಧ ಆಯುಷ್ಯ ಕಳೆಯುತ್ತದೆ.

ಆದರೆ ಉಮ್ರಿಗಾರರ ದಾರಿ ಅದಲ್ಲ. ಅವರು ದೊಡ್ಡ ಆಟಗಾರರಾಗಿದ್ದು ವ್ಯವಸ್ಥಾಪಕರಾದವರು. ನಮ್ಮ ಅಭಿಪ್ರಾಯದಲ್ಲಿ ಆ ಕೆಲಸಕ್ಕೆ ಅವರನ್ನು ಸಿದ್ಧಗೊಳಿಸಿದುದು ಹನ್ನೆರಡು ಶತಕಗಳಿಗಿಂತ ಹೆಚ್ಚಾಗಿ 1952ರ ಆ 43 ಓಟಗಳು. ಅಂಜಿಕೆಯನ್ನು ಮೈಯಲ್ಲಿ ಕಂಡವರು, ನಗೆಯನ್ನು ಕಿವಿಯಲ್ಲಿ ಕೇಳಿದವರು ಹೊಡೆತ ತಿಂದ ಹುಡುಗನನ್ನು ನೋಡುವ ಕಣ್ಣೇ ಬೇರೆ.

1976ರ ಆರಂಭದಲ್ಲಿ ಭಾರತ ತಂಡವು ನ್ಯೂಜಿಲೆಂಡಿಗೂ ಅಲ್ಲಿಂದ ವೆಸ್ಟ್ ಇಂಡೀಸಿಗೂ ಹೊರಟಾಗ ವ್ಯವಸ್ಥಾಪಕರು ಪಾಲಿ ಉಮ್ರಿಗಾರ್, ನಾಯಕ ಬಿಷನ್ ಸಿಂಗ್ ಬೇಡಿ. ಕನ್ನಡಿಗರಾದ ನಾವು ಹೆಮ್ಮೆಪಡಬೇಕಾದ ಪ್ರವಾಸವಿದು. ಕರ್ನಾಟಕದ ಐವರು ಆ ತಂಡದಲ್ಲಿದ್ದರು: ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ, ಎರಪಳ್ಳಿ ಪ್ರಸನ್ನ, ಭಾಗವತ ಚಂದ್ರಶೇಖರ, ಬ್ರಿಜೇಶ್ ಪಟೇಲ್, ಸೈಯದ್ ಕಿರ್ಮಾನಿ. ಆಕ್ಲಂಡಿನಲ್ಲಿ ಪ್ರಸನ್ನರು ಒಂದೇ ಸರದಿಯಲ್ಲಿ 76 ಓಟಗಳಿಗೆ ಎಂಟು ವಿಕೆಟ್ಟು ಕಿತ್ತರು. ವೆಸ್ಟ್ ಇಂಡೀಸಿನಲ್ಲಿ ಮೂರನೆಯ ಟೆಸ್ಟು ಗಯಾನಾದಲ್ಲಿ ನಡೆಯಬೇಕಾಗಿತ್ತು. ಅಲ್ಲಿ ಮಳೆ ಬಿಡದೆ ಹೊಡೆದುದರಿಂದ ಪಂದ್ಯವನ್ನು ಪೋರ್ಟ್ ಆಫ್ ಸ್ಪೇನಿಗೆ ತರಲಾಯಿತು. 1953ರ ಶತಕ ಬಂದ ಮೈದಾನ, 1962ರ ಅಜೇಯ 172 ಬಂದ ಮೈದಾನ! ಈ ಸಲ ಉಮ್ರಿಗಾರರು ಗೆರೆಯ ಹೊರಗೆ ಕುಳಿತಿದ್ದರು. ಗೆಲ್ಲಲು 403 ಬೇಕು. ಅಷ್ಟು ಓಟಗಳನ್ನು ಕೊನೆಯ ಸರದಿಯಲ್ಲಿ ಬೆನ್ನಟ್ಟಿ ಗೆದ್ದದ್ದು ಅದಕ್ಕೆ ಮುಂಚೆ ಒಂದೇ ಸಲ, 1948ರಲ್ಲಿ ಬ್ರಾಡ್ಮನ್ನರ ಆಸ್ಟ್ರೇಲಿಯ. ಗಾವಸ್ಕರ್ 102, ಮೊಹಿಂದರ್ ಅಮರನಾಥ್ 85, ನಮ್ಮ ವಿಶ್ವನಾಥ 112, ಬ್ರಿಜೇಶ್ ಪಟೇಲ್ ಅಜೇಯ 49. ನಾಲ್ಕು ವಿಕೆಟ್ಟಿಗೆ 406 ಎಂದು ಬರೆದು ಭಾರತ ಗೆದ್ದಿತು. 2003ರವರೆಗೆ ಈ ದಾಖಲೆಯನ್ನು ಯಾರೂ ಅಳಿಸಲಿಲ್ಲ.

ಮುಂದಿನ ಪಂದ್ಯ ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ. ಸೋತ ಸಿಟ್ಟಿನಲ್ಲಿದ್ದ ಆತಿಥೇಯರು ವೇಗದ ಬೌಲರರನ್ನು ಸಾಲುಗಟ್ಟಿ ನಿಲ್ಲಿಸಿದರು. ಮೈಕೆಲ್ ಹೋಲ್ಡಿಂಗನ ಚೆಂಡು ನೆಲದಿಂದ ಎದೆಗೆ, ಎದೆಯಿಂದ ತಲೆಗೆ ಏರತೊಡಗಿತು. ಅಂಶುಮಾನ್ ಗಾಯಕವಾಡನೆಂಬ ತರುಣನು ದಿನಕ್ಕಿಂತ ಹೆಚ್ಚು ಹೊತ್ತು ಅಲುಗದೆ ನಿಂತನು. 81 ಓಟಗಳಾಗಿದ್ದಾಗ ಎಡಗಿವಿಯ ಮೇಲೆ ಪೆಟ್ಟು ಬಿದ್ದು ಆಸ್ಪತ್ರೆ ಸೇರಿದನು. ವಿಶ್ವನಾಥರ ಬೆರಳು ಮುರಿಯಿತು. ಬ್ರಿಜೇಶ್ ಪಟೇಲರ ಬಾಯಿಗೆ ಚೆಂಡು ಬಡಿದು ಹೊಲಿಗೆ ಹಾಕಬೇಕಾಯಿತು. ನೆನಪಿಡಿರೆಂದು ಹೇಳಿದ್ದ ಹೆಸರುಗಳು ಈಗ ಬಂದವು. ಈ ಗಾಯಕವಾಡನು, 1952ರಲ್ಲಿ ಸೊನ್ನೆಗೆ ನಾಲ್ಕು ಎಂಬ ಲೆಕ್ಕದಲ್ಲಿ ಬಿದ್ದ ದತ್ತಾಜಿರಾವ್ ಗಾಯಕವಾಡರ ಮಗ. ಆ ದಿನ ಅವನ ಜೊತೆಗೆ ಸರದಿಯನ್ನು ಆರಂಭಿಸಿದ ಸುನೀಲ ಗಾವಸ್ಕರರಿಗೆ ಮಾಧವ ಮಂತ್ರಿಗಳು ಸೋದರಮಾವ. ತಾವು ಕಂಡ ಆಟಗಾರರ ಮಗನೂ ಸೋದರಳಿಯನೂ ಅದೇ ಬಗೆಯ ಬಿರುಗಾಳಿಯೆದುರು ನಿಂತಿರುವುದನ್ನು ಇಪ್ಪತ್ತನಾಲ್ಕು ವರ್ಷಗಳ ಮೇಲೆ ಹೊರಗಿನಿಂದ ನೋಡುವ ಪಾಳಿ ಉಮ್ರಿಗಾರರದಾಯಿತು.

ಬೇಡಿ ಮೊದಲ ಸರದಿಯನ್ನು ಆರು ವಿಕೆಟ್ಟಿಗೆ 306 ಇರುವಾಗಲೇ ಮುಗಿಸಿಬಿಟ್ಟರು. ಚೆಂಡು ಹಿಡಿಯಹೋಗಿ ಬೇಡಿ, ಚಂದ್ರಶೇಖರ ಇಬ್ಬರೂ ಕೈಗೆ ಗಾಯ ಮಾಡಿಕೊಂಡರು. ತಂಡದ ಹದಿನೇಳು ಮಂದಿಯೂ ಒಂದಲ್ಲ ಒಂದು ಹೊತ್ತಿನಲ್ಲಿ ಮೈದಾನದಲ್ಲಿ ಚೆಂಡು ತಡೆಯಲು ಇಳಿಯಬೇಕಾಯಿತು. ಎರಡನೆಯ ಸರದಿಯಲ್ಲಿ ಐದು ವಿಕೆಟ್ಟು ಬಿದ್ದು ಲೆಕ್ಕ 97 ಆದಾಗ ಮುಂದೆ ಆಡಲು ಯಾರೂ ಇರಲಿಲ್ಲ. ಉಳಿದ ಐವರ ಹೆಸರಿನ ಮುಂದೆ ಗಾಯಾಳು, ಗೈರುಹಾಜರು ಎಂದು ಬರೆಯಲಾಯಿತು. ಗೆಲ್ಲಲು ಬೇಕಾಗಿದ್ದ 13 ಓಟಗಳನ್ನು ವೆಸ್ಟ್ ಇಂಡೀಸ್ ಸುಲಭವಾಗಿ ಹೊಡೆದುಕೊಂಡಿತು.

ಇದು ಹೇಡಿತನವೆಂದು ಆ ಕಾಲಕ್ಕೆ ಹೇಳಿದವರಿದ್ದರು, ಇಂದಿಗೂ ಹೇಳುವವರಿದ್ದಾರೆ. ನಾವು ಅವರ ಸಾಲಿನಲ್ಲಿ ನಿಲ್ಲಲಾರೆವು. ಸರದಿಯನ್ನು ಮುಗಿಸುವ ಅಧಿಕಾರ ನಾಯಕನದು, ನಿಜ. ಆದರೆ ಆ ಹದಿನೇಳು ಮಂದಿಯನ್ನು ಅವರವರ ತಾಯಂದಿರಿಗೆ ತಿರುಗಿ ಒಪ್ಪಿಸುವ ಹೊಣೆ ವ್ಯವಸ್ಥಾಪಕನದು. ಹದಿನಾಲ್ಕು ವರ್ಷಗಳ ಹಿಂದೆ ಅದೇ ಸಮುದ್ರದ ಇನ್ನೊಂದು ದ್ವೀಪದ ಆಸ್ಪತ್ರೆಯಲ್ಲಿ ತೋಳು ಚಾಚಿ ರಕ್ತ ಕೊಟ್ಟು ಎದ್ದಿದ್ದ ಮನುಷ್ಯ ಅವರು. ತಲೆಗೆ ಬಿದ್ದ ಚೆಂಡು ಏನು ಮಾಡಬಲ್ಲುದೆಂದು ಆ ಡೇರೆಯಲ್ಲಿ ಅವರಿಗಿಂತ ಚೆನ್ನಾಗಿ ತಿಳಿದವರು ಇರಲಿಲ್ಲ.

ಕಿಂಗ್‌ಸ್ಟನ್ ಎಲ್ಲಿ, ನಮ್ಮ ತಾಲೂಕಿನ ಮುರುಮಿನ ಮೈದಾನ ಎಲ್ಲಿ! ಆದರೂ ಒಂದು ಸಂಗತಿಯನ್ನು ಹೇಳದೆ ಇರಲಾರೆವು. ಕೆಲವು ವರ್ಷಗಳ ಹಿಂದೆ ನಮ್ಮ ಹುಡುಗಿಯರ ಖೊ-ಖೊ ತಂಡವು ತಾಲೂಕಿನ ಅಂತಿಮ ಪಂದ್ಯದವರೆಗೆ ಏರಿತು. ನಮ್ಮ ಸಾಲೆಗೆ ಅದು ಮೊದಲ ಸಲ. ಬೆಳಗಿನ ಪಂದ್ಯದಲ್ಲಿ ನಮ್ಮ ಅತ್ಯುತ್ತಮ ಓಟಗಾತಿಯು ಕಂಬವನ್ನು ಸುತ್ತುವಾಗ ಮೊಣಕಾಲನ್ನು ತಿರುವಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ಕಾಲು ಬಾತು ಕುಂಬಳಕಾಯಿಯಾಗಿತ್ತು. ಊರಿನಿಂದ ಎರಡು ಟ್ರ್ಯಾಕ್ಟರು ತುಂಬ ಜನ ಬಂದಿದ್ದರು. ಪಟ್ಟಿ ಬಿಗಿದು ಇಳಿಸಿರಿ, ಒಂಬತ್ತು ಮಿನಿಟಿನ ಮಾತು ಎಂದು ಹಿರಿಯರು ಹೇಳಿದರು. ಅವರ ಮಾತನ್ನು ಮೀರುವುದು ಕಷ್ಟವೇ. ಆದರೆ ಅದಕ್ಕಿಂತ ಕಷ್ಟವಾದುದು ಆ ಹುಡುಗಿಯ ಮಾತು.

“ಏನೂ ಆಗಂಗಿಲ್ರಿ ಸರ್. ಆಡ್ತೀನ್ರಿ. ನನ್ನ ಹೆಸರು ತಗೀಬ್ಯಾಡ್ರಿ.”

ಶಿಕ್ಷಕ ತರಬೇತಿಯಲ್ಲಿ ನಮಗೆ ಶಾರೀರಿಕ ಶಿಕ್ಷಣವೆಂಬ ವಿಷಯವಿತ್ತು. ಮೈದಾನದ ಅಳತೆ, ಸೀಟಿಯ ಸಂಕೇತ, ಪಾಠಯೋಜನೆ ಎಲ್ಲ ಕಲಿಸಿದ್ದರು. ಆಡುತ್ತೇನೆ ಎನ್ನುವ ಮಗುವಿಗೆ ಬೇಡ ಎಂದು ಹೇಳುವುದು ಹೇಗೆಂಬ ಪಾಠ ಇರಲಿಲ್ಲ. ನಾವು ಹೆಸರನ್ನು ಹೊಡೆದು, ಬದಲಿ ಹುಡುಗಿಯ ಹೆಸರು ಬರೆದು, ಸಹಿ ಮಾಡಿದೆವು. ಎರಡು ಅಂಕಗಳಿಂದ ಸೋತೆವು. ಬರುವಾಗ ಟೆಂಪೊದಲ್ಲಿ ಹುಡುಗಿಯರಾರೂ ಹಾಡಲಿಲ್ಲ. ಆಕೆ ಬಾಯಿಯವರ ತೊಡೆಯ ಮೇಲೆ ಕಾಲು ಚಾಚಿ, ನಮ್ಮ ಕಡೆಗೆ ಒಮ್ಮೆಯೂ ನೋಡದೆ ಕುಳಿತಿದ್ದಳು. ಮಾಸ್ತರು ಕಪ್ಪು ಕಳೆದರು ಎಂಬ ಮಾತು ಕಟ್ಟೆಯ ಮೇಲೆ ಆ ಸುಗ್ಗಿ ಮುಗಿಯುವವರೆಗೂ ನಡೆಯಿತು. ಅವಳ ತಾಯಿ ಕಂಡವರ ಹೊಲದಲ್ಲಿ ಜೋಳ ಕೊಯ್ಯುವವಳು. ಮಗಳ ಕಾಲು ಮುರಿದರೆ ಸೊಲ್ಲಾಪುರದ ದವಾಖಾನೆಗೆ ಓಡಾಡಬೇಕಾದವಳು ಅವಳು, ಕಟ್ಟೆಯವರಲ್ಲ. ಇಂದು ಅದೇ ಪ್ರಸಂಗ ಬಂದರೂ ನಾವು ಅದೇ ಹೆಸರನ್ನು ಹೊಡೆಯುತ್ತೇವೆ. ಎರಡು ತಿಂಗಳಿಗೆ ಅವಳು ಮತ್ತೆ ಓಡಿದಳು. ನಮ್ಮೊಡನೆ ಮಾತನಾಡಲು ಇನ್ನೂ ಸ್ವಲ್ಪ ಹೆಚ್ಚು ದಿನ ಹಿಡಿಯಿತು.

ಉಮ್ರಿಗಾರರ ವ್ಯವಸ್ಥಾಪಕತನ ಕಿಂಗ್‌ಸ್ಟನ್ನಿಗೆ ಮುಗಿಯಲಿಲ್ಲ. 1977-78ರಲ್ಲಿ ಆಸ್ಟ್ರೇಲಿಯಕ್ಕೆ ಹೋದ ತಂಡಕ್ಕೂ ಅವರೇ ವ್ಯವಸ್ಥಾಪಕರು. ಎರಡು ಟೆಸ್ಟು ಸೋತ ಮೇಲೆ ಮೆಲ್ಬರ್ನಿನಲ್ಲಿ ಚಂದ್ರಶೇಖರರು ಎರಡೂ ಸರದಿಗಳಲ್ಲಿ ತಲಾ 52 ಓಟಕ್ಕೆ ಆರಾರು ವಿಕೆಟ್ಟು ತೆಗೆದರು. ಆಸ್ಟ್ರೇಲಿಯದ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಜಯವದು. ಬಾಲ್ಯದ ಪೋಲಿಯೊದಿಂದ ಸೊರಗಿದ ಕೈಯಿಂದ ಆ ಚೆಂಡುಗಳು ಬಂದವೆಂಬುದನ್ನು ನಾವು ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತೇವೆ. ಸಿಡ್ನಿಯಲ್ಲಿ ಮತ್ತೊಂದು ಗೆಲುವು. ಅಡಿಲೇಡಿನ ಕೊನೆಯ ಟೆಸ್ಟಿನಲ್ಲಿ 493 ಬೇಕಾಗಿದ್ದಾಗ 445ರವರೆಗೆ ಹೋಗಿ ಬಿದ್ದು, ಸರಣಿಯನ್ನು 3-2ರಿಂದ ಸೋತರು.

1978ರಿಂದ 1982ರವರೆಗೆ ಅವರು ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾಗಿದ್ದರು. ಒಂದು ಕಾಲಕ್ಕೆ ತನಗೆ ಬೇಕಾದ ಆಟಗಾರನಿಗಾಗಿ ಪದವಿಯನ್ನೇ ಬಿಟ್ಟವರು ಈಗ ಆರಿಸುವವರ ಕುರ್ಚಿಯಲ್ಲಿ ಕುಳಿತರು. ಅದು ಮೆತ್ತನೆಯ ಕುರ್ಚಿಯಲ್ಲ. ಪ್ರಸನ್ನರ ಕೊನೆಯ ಟೆಸ್ಟು 1978ರಲ್ಲಿ. ಚಂದ್ರಶೇಖರರದೂ ಬೇಡಿಯವರದೂ 1979ರಲ್ಲಿ. ಯಾರನ್ನು ದೇಶದಿಂದ ದೇಶಕ್ಕೆ ಕರೆದೊಯ್ದು, ಗಾಯಕ್ಕೆ ಪಟ್ಟಿ ಕಟ್ಟಿಸಿ, ಗೆಲುವಿನಲ್ಲಿ ಬೆನ್ನು ತಟ್ಟಿದ್ದರೋ ಅವರ ಹೆಸರುಗಳು ಪಟ್ಟಿಯಿಂದ ಇಳಿದುಹೋದುದು ಇವರ ಅಧ್ಯಕ್ಷತೆಯ ವರ್ಷಗಳಲ್ಲಿಯೇ. ವಯಸ್ಸಾದ ಮೇಲೆ ಇಳಿಯಲೇಬೇಕು; ಆದರೆ ಹೆಸರನ್ನು ಹೊಡೆಯುವ ಲೇಖಣಿಯನ್ನು ಹಿಡಿದವನಿಗೂ ಒಂದು ಮನಸ್ಸು ಇರುತ್ತದೆಂಬುದನ್ನು ಪತ್ರಿಕೆಗಳು ಸಾಮಾನ್ಯವಾಗಿ ಬರೆಯುವುದಿಲ್ಲ.

ಆಮೇಲೆ ಅವರು ಕ್ರಿಕೆಟ್ ಮಂಡಳಿಯ ಕಾರ್ಯನಿರ್ವಾಹಕ ಕಾರ್ಯದರ್ಶಿಗಳಾದರು. ಮುಂಬಯಿ ಸಂಸ್ಥೆಯ ಕಾರ್ಯದರ್ಶಿಗಳಾದರು. ಆಟವನ್ನು ಕಲಿಸುವುದರ ಬಗ್ಗೆ ಪುಸ್ತಕ ಬರೆದರು. 2006ರ ನವೆಂಬರ್ 7ರಂದು, ಎಂಬತ್ತನೆಯ ವಯಸ್ಸಿನಲ್ಲಿ, ಮುಂಬಯಿಯಲ್ಲಿ ತೀರಿಕೊಂಡರು. ವರ್ಷದ ಶ್ರೇಷ್ಠ ಅಂತರರಾಷ್ಟ್ರೀಯ ಆಟಗಾರನಿಗೆ ಮಂಡಳಿಯು ಕೊಡುವ ಪ್ರಶಸ್ತಿಗೆ ಅವರ ಹೆಸರಿದೆ. ಮೊದಲ ಬಾರಿ ಅದನ್ನು ಪಡೆದವರು ಸಚಿನ್ ತೆಂಡುಲ್ಕರ್.

ಇವೆಲ್ಲವುಗಳ ನಡುವೆ ಅವರು ಮಾಡಿದ ಇನ್ನೊಂದು ಕೆಲಸ ನಮ್ಮ ಒಕ್ಕಲುಮಕ್ಕಳಿಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿತು. ಮುಂಬಯಿಯ ವಾಂಖೆಡೆ ಮೈದಾನದಲ್ಲಿ ಪಿಚ್ಚನ್ನು ಸಿದ್ಧಪಡಿಸುವ ಉಸ್ತುವಾರಿಯನ್ನೂ ಅವರು ನೋಡಿಕೊಂಡಿದ್ದರು. ಪಿಚ್ಚೆಂದರೆ ಏನೆಂದು ಹುಡುಗರಿಗೆ ವಿವರಿಸಬೇಕಾಯಿತು: ಎರಿಮಣ್ಣನ್ನು ಹದಮಾಡಿ, ನೀರುಣಿಸಿ, ಹುಲ್ಲು ಕೊಯ್ದು, ರೋಲರನ್ನು ಎಳೆದೆಳೆದು, ಬಿಸಿಲಿಗೆ ಎಷ್ಟು ಒಣಗಬೇಕೋ ಅಷ್ಟೇ ಒಣಗಲು ಬಿಡುವುದು. ಕಣ ಮಾಡಿದಂತೆ ಎಂದು ಒಬ್ಬಳು ಹೇಳಿದಳು. ಹೌದು, ಕಣ ಮಾಡಿದಂತೆಯೇ ಎಂದೆವು.

“ಅಂಥಾ ದೊಡ್ಡ ಆಟಗಾರರು ನೀರು ಹೊಡ್ಯಾಕ ನಿಂದರ್ತಿದ್ರೇನ್ರಿ ಸರ್?” ಎಂದು ಮೊದಲು ಪ್ರಶ್ನೆ ಕೇಳಿದ್ದ ಹಿಂದಿನ ಸಾಲಿನ ಹುಡುಗನೇ ಮತ್ತೆ ಎದ್ದನು.

ನಿಂತು ಹೊಡೆಸುತ್ತಿದ್ದರು ಎಂದೆವು. ಅವನು ಸ್ವಲ್ಪ ಹೊತ್ತು ಯೋಚಿಸಿ, ಸೊಲ್ಲಾಪುರದಲ್ಲಿ ಅವರ ಮನೆ ಯಾವ ಪೇಟೆಯಲ್ಲಿತ್ತು ಎಂದು ಕೇಳಿದನು.